ನಾಲಿಗೆ ಎಸ್ಟೇಟಿನದು, ಸಂಬಳ ಗುಮಾಸ್ತನದು

ನನ್ನ ತಂದೆ ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ಲೆಕ್ಕ ಬರೆಯುವವರನ್ನು ಕೊಡಗಿನಲ್ಲಿ ಹಾಗೆ ಕರೆಯುತ್ತಾರೆ. ಬೆಂಗಳೂರಿನವರಿಗೆ ಹೇಳಿದರೆ ನನ್ನನ್ನು ಕಾದಂಬರಿಕಾರರ ಮಗ ಎಂದುಕೊಳ್ಳುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ. ವಾರಕ್ಕೊಮ್ಮೆ ಸಂಜೆ ಅವರು ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕವನ್ನು ಕಂಕುಳಲ್ಲಿ ಇರಿಸಿಕೊಂಡು ದೊರೆ ಬಂಗಲೆಗೆ ಹೊರಟರೆ ನಾನು ಹಿಂದೆಯೇ ಹೋಗುತ್ತಿದ್ದೆ. ದೊರೆ ಎಂದರೆ ಬಿಳಿಯರೇನಲ್ಲ, 1985ರ ಹೊತ್ತಿಗೆ ನಮ್ಮವರೇ. ಪದ ಮಾತ್ರ ಉಳಿದುಕೊಂಡಿತ್ತು. ಅಪ್ಪ ಜಗಲಿಯಲ್ಲಿ ನಿಂತು ಲೆಕ್ಕ ಒಪ್ಪಿಸುವಷ್ಟು ಹೊತ್ತು ನಾನು ಅಡುಗೆಮನೆಯ ಬಾಗಿಲಲ್ಲಿ ಕುಳಿತಿರುತ್ತಿದ್ದೆ. ಅಲ್ಲಿಯ ಬಟ್ಲರ್ ಒಬ್ಬರು ಕೆಟಲಿನಲ್ಲಿ ಉಳಿದ ಕಾಫಿಯನ್ನು ಅರ್ಧ ಲೋಟ ಬಗ್ಗಿಸಿ ಕೊಡುತ್ತಿದ್ದರು.

ನನ್ನ ಹಣಕಾಸಿನ ತೊಂದರೆಯೆಲ್ಲ ಆ ಅರ್ಧ ಲೋಟದಿಂದ ಶುರುವಾಯಿತು. ಮನೆಯಲ್ಲಿ ನಾವು ಕುಡಿಯುತ್ತಿದ್ದದ್ದು ಬೆಲ್ಲದ ಕಾಫಿ. ಅದರ ರುಚಿಯೇ ಬೇರೆ, ಮಳೆಗಾಲದ ಬೆಳಗಿಗೆ ಇಂದಿಗೂ ನನಗೆ ಅದೇ ಬೇಕು. ಆದರೆ ಬಂಗಲೆಯ ಕಾಫಿಯಲ್ಲಿ ಕಹಿಯ ಹಿಂದೆ ಇನ್ನೇನೋ ಇತ್ತು, ಕಿತ್ತಳೆ ಸಿಪ್ಪೆಯನ್ನು ಉಗುರಿನಿಂದ ಚಿವುಟಿದಾಗ ಬರುವಂಥದ್ದು. ಅಲ್ಲಿ ಇನ್ನೂ ಒಂದನ್ನು ನೋಡಿದ್ದೆ: ಕೈಗಳು ಮಂಡಿಯಾಚೆಗೂ ಚಾಚಿಕೊಂಡ, ಬೆತ್ತ ಹೆಣೆದ ಬೀಟೆ ಮರದ ಪ್ಲಾಂಟರ್ ಕುರ್ಚಿ. ಎಂಟು ವರ್ಷದ ಹುಡುಗನಿಗೆ ಇಂಥವು ಕಣ್ಣಿಗೆ ಬಿದ್ದರೆ ಮುಂದೆ ಅವನ ಹೆಂಡತಿ ಕಷ್ಟಪಡಬೇಕಾಗುತ್ತದೆ.

ಈಗ ನಾನು ಮಡಿಕೇರಿಯ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತೇನೆ. ಕೈಗೆ ಬರುವುದು 34,000 ರೂಪಾಯಿ. ಹೆಂಡತಿ ಶಿಶುವಿಹಾರದಲ್ಲಿ ಪಾಠ ಹೇಳುತ್ತಾಳೆ, ಅವಳದು 12,000. ಮನೆ ಬಾಡಿಗೆ 9,500. ಹೈಸ್ಕೂಲಿಗೆ ಹೋಗುವ ಮಗಳು, ಔಷಧಿ ತೆಗೆದುಕೊಳ್ಳುವ ಅಮ್ಮ. ಉಳಿದ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು. ಇಷ್ಟರಲ್ಲಿ ನನ್ನ ಮನೆಯಲ್ಲಿ ಆ ಬಂಗಲೆಯ ಕಾಫಿಯೂ ಇದೆ, ಆ ಕುರ್ಚಿಯೂ ಇದೆ, ಸಾಲ ಇಲ್ಲ. ಹೇಗೆ ಎಂದು ಸ್ನೇಹಿತರು ಕೇಳುತ್ತಾರೆ. ಮೊದಲು ತಪ್ಪಿದ್ದನ್ನೇ ಹೇಳುತ್ತೇನೆ.

2017ರಲ್ಲಿ 38,000 ರೂಪಾಯಿಯ ಎಸ್ಪ್ರೆಸೊ ಯಂತ್ರವನ್ನು ಕ್ರೆಡಿಟ್ ಕಾರ್ಡಿನ ಹನ್ನೆರಡು ಕಂತಿನಲ್ಲಿ ತಂದೆ. ಆಗ ನನ್ನ ಸಂಬಳ 22,000. ಯಂತ್ರಕ್ಕೆ ತಕ್ಕ ಕಾಫಿ ಬೇಕಲ್ಲ, ಕಾಲು ಕಿಲೋಗೆ 420 ರೂಪಾಯಿಯ ಪೊಟ್ಟಣ ತರತೊಡಗಿದೆ. ನಮ್ಮ ಜಿಲ್ಲೆಯಲ್ಲೇ ಬೆಳೆದ ಬೀಜ ಬೇರೆ ಊರಿಗೆ ಹೋಗಿ, ಅಂದದ ಪೊಟ್ಟಣ ಸೇರಿ, ಕೊರಿಯರಿನಲ್ಲಿ ಮಡಿಕೇರಿಗೆ ವಾಪಸು ಬರುತ್ತಿತ್ತು. ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಎರಡು ಕಂತು ತಪ್ಪಿದವು. ಕಾರ್ಡಿನ ಬಡ್ಡಿ ಏನೆಂದು ಲೆಕ್ಕ ಬರೆಯುವವನಾಗಿ ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ, ಬೇರೆಯವರ ಲೆಕ್ಕದಲ್ಲಿ.

ಮುಂದಿನ ಮಳೆಗಾಲಕ್ಕೆ ಯಂತ್ರದ ಬಂಡವಾಳ ಬಯಲಾಯಿತು. ಮಡಿಕೇರಿಯ ಜೂನ್ ತಿಂಗಳಿನಲ್ಲಿ ಕರೆಂಟು ಎಂಬುದು ಮನೆಗೆ ಬಂದು ಹೋಗುವ ನೆಂಟ. ಆಗಸ್ಟ್ ಬಂತು, 2018ರ ಆ ಆಗಸ್ಟ್. ಗುಡ್ಡಗಳು ಜರಿದವು, ಮಂಗಳೂರು ಕಡೆಯ ರಸ್ತೆ ಕಿತ್ತುಹೋಯಿತು, ಮಕ್ಕಂದೂರು ಕಡೆಯ ಪರಿಚಯದ ಕುಟುಂಬವೊಂದು ಹನ್ನೊಂದು ದಿನ ನಮ್ಮ ಮನೆಯಲ್ಲಿತ್ತು. ಒಂಬತ್ತು ಜನ, ಒಂದು ಗ್ಯಾಸ್ ಸಿಲಿಂಡರ್, ಕರೆಂಟಿಲ್ಲ. ಅಟ್ಟದಿಂದ ಅಮ್ಮನ ಹಿತ್ತಾಳೆ ಫಿಲ್ಟರ್ ಇಳಿಸಿದೆವು. ಬೆಳಗಿನ ಐದಕ್ಕೆ ಮೇಣದಬತ್ತಿ ಹಚ್ಚಿಕೊಂಡು ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಿದ್ದೆ. ಆ ಮನೆಯ ಅಜ್ಜಿ ಮೂರು ದಿನ ಯಾರೊಂದಿಗೂ ಮಾತನಾಡಿರಲಿಲ್ಲ. ನಾಲ್ಕನೆಯ ದಿನ ಲೋಟವನ್ನು ಮುಂದೆ ಚಾಚಿ, ಇನ್ನೊಂದಿಷ್ಟು ಎಂದರು. ಯಂತ್ರ ಟವೆಲ್ ಹೊದ್ದು ಕಟ್ಟೆಯ ಮೂಲೆಯಲ್ಲಿ ಕುಳಿತಿತ್ತು. ಡಿಸೆಂಬರಿನಲ್ಲಿ ಅದನ್ನು ಒಂದು ಹೋಮ್‌ಸ್ಟೇಯವರಿಗೆ 15,000ಕ್ಕೆ ಕೊಟ್ಟು ಕಂತು ಚುಕ್ತಾ ಮಾಡಿದೆ.

ಅದೇ ತಿಂಗಳು ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಕುಳಿತು, ಆ 420 ರೂಪಾಯಿಯ ಪೊಟ್ಟಣವನ್ನು ಗುಮಾಸ್ತನ ಬುದ್ಧಿಯಿಂದ ಬಿಡಿಸಿ ನೋಡಿದೆ. ಕುಶಾಲನಗರದ ಕಡೆಯ, ಕಾಫಿ ಬೀಜದ ಸಿಪ್ಪೆ ಸುಲಿದು ದರ್ಜೆ ಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಪರಿಚಯದವರು ಹೇಳಿದ ಪ್ರಕಾರ ಹಸಿ ಬೀಜ, ಸಿ ದರ್ಜೆಯ ಅರೇಬಿಕಾ, ಕಿಲೋಗೆ 210 ರೂಪಾಯಿ. ಹುರಿದಾಗ ಆರರಲ್ಲಿ ಒಂದು ಪಾಲು ತೂಕ ಹೋಗುತ್ತದೆ, ಆದ್ದರಿಂದ ಕಾಲು ಕಿಲೋ ಹುರಿದ ಬೀಜಕ್ಕೆ 300 ಗ್ರಾಂ ಹಸಿ ಬೀಜ ಬೇಕು: 63 ರೂಪಾಯಿ. ಪೊಟ್ಟಣದ ಬೀಜ ಇದಕ್ಕಿಂತ ಮೇಲಿನ ದರ್ಜೆಯದು, ದುಪ್ಪಟ್ಟೇ ಹಿಡಿಯೋಣ. ಆದರೂ ಮಿಕ್ಕ ಮುನ್ನೂರು ರೂಪಾಯಿ ಹೋಗುತ್ತಿದ್ದದ್ದು ಹುರಿಯುವ ಹದಿನೈದು ನಿಮಿಷ, ಪೊಟ್ಟಣ, ಬಾಡಿಗೆ ಮತ್ತು ಅದರ ಮೇಲೆ ಬರೆದ ನಾಲ್ಕು ಸಾಲಿನ ಕವಿತೆಗೆ. ದುಬಾರಿ ಆಗುವುದು ಕೊನೆಯ ಹೆಜ್ಜೆಯಲ್ಲಿ. ಆ ಒಂದು ಹೆಜ್ಜೆಯನ್ನು ನಾನೇ ಹಾಕಿದರೆ?

ಇಲ್ಲಿ ದರ್ಜೆಯ ಬಗ್ಗೆ ಒಂದು ಮಾತು. ಎಎ, ಎ, ಬಿ, ಸಿ ಎಂದರೆ ರುಚಿಯ ಅಂಕಪಟ್ಟಿ ಎಂದು ಬಹಳ ಜನ ತಿಳಿದಿದ್ದಾರೆ. ಅದು ಮುಖ್ಯವಾಗಿ ಜರಡಿಯ ಲೆಕ್ಕ. ದೊಡ್ಡ ಕಣ್ಣಿನ ಜರಡಿಯ ಮೇಲೆ ನಿಂತದ್ದು ಎಎ, ಕೆಳಗಿಳಿಯುತ್ತಾ ಹೋದರೆ ಸಿ. ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ದುಂಡಗೆ ಬೆಳೆದಿದ್ದರೆ ಅದು ಪೀಬೆರಿ, ಅದಕ್ಕೆ ಬೇರೆ ಗೌರವ. ಒಂದೇ ತೋಟದ, ಒಂದೇ ದಿನ ಕೊಯ್ದ ಹಣ್ಣಿನಿಂದ ಇವೆಲ್ಲ ಬರಬಹುದು. ಸಿ ದರ್ಜೆಯ ತೊಂದರೆ ಗಾತ್ರವಲ್ಲ, ಅದರ ಜೊತೆ ಬರುವ ಚೂರು, ಕರಿ ಬೀಜ, ಹುಳು ಕೊರೆದದ್ದು. ಒಂದೇ ಒಂದು ಕೊಳೆತ ಬೀಜ ಒಂದು ಫಿಲ್ಟರ್ ಡಿಕಾಕ್ಷನ್ನನ್ನು ಹಾಳು ಮಾಡಬಲ್ಲದು. ಅವನ್ನು ಆರಿಸಿ ತೆಗೆದರೆ ಉಳಿಯುವುದು ಚಿಕ್ಕ ಗಾತ್ರದ ಒಳ್ಳೆಯ ಕಾಫಿ. ಹಾಲು ಬೆರೆಸಿದ ಮೇಲೆ ಎಎ ಯಾವುದು ಸಿ ಯಾವುದು ಎಂದು ಹೇಳಬಲ್ಲವರನ್ನು ನಾನು ಇನ್ನೂ ಕಂಡಿಲ್ಲ, ಹೇಳುತ್ತೇನೆ ಎಂದವರನ್ನು ಬಹಳ ಕಂಡಿದ್ದೇನೆ.

ಹತ್ತು ಕಿಲೋ ತಂದೆ. ಮೊದಲ ಸಲ ಬಾಣಲೆಗೆ ಒಂದು ಕಿಲೋ ಸುರಿದು ದೊಡ್ಡ ಉರಿ ಇಟ್ಟೆ. ಹೊರಗೆ ಕರಕಲು, ಒಳಗೆ ಹಸಿ. ಮೇಲಿನ ಮಹಡಿಯ ಮನೆಯೊಡತಿ ಹೊಗೆ ನೋಡಿ ಕೆಳಗೆ ಓಡಿ ಬಂದರು. ಕಲಿತದ್ದು ಆಮೇಲೆ, ಸುಮಾರು ಮೂರು ಕಿಲೋ ಹಾಳಾದ ಮೇಲೆ. ಈಗ ನಾನು ಮಾಡುವುದು ಹೀಗೆ: ದಪ್ಪ ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಅರ್ಧ ಕಿಲೋ ಮಾತ್ರ, ಮಧ್ಯಮ ಉರಿ, ಮರದ ಸಟ್ಟುಗ ನಿಲ್ಲಬಾರದು. ಮೊದಲು ಹಸಿ ಹುಲ್ಲಿನ ವಾಸನೆ. ಬೀಜ ಹಳದಿಯಾಗುವಾಗ ಬ್ರೆಡ್ಡು ಸುಡುವಂಥ ವಾಸನೆ. ಕಂದು ತಿರುಗುವ ಹೊತ್ತಿಗೆ ತೆಳು ಹೊಟ್ಟು ಕಳಚಿ ಹಾರತೊಡಗುತ್ತದೆ, ಕನ್ನಡಕ ತೆಗೆಯಬಾರದು. ಆಮೇಲೆ ಮೊದಲ ಸಿಡಿತ, ಸಾಸಿವೆಗಿಂತ ದಪ್ಪ ಸದ್ದು, ಒಣ ಕಡ್ಡಿ ಮುರಿದ ಹಾಗೆ. ಅದು ಶುರುವಾದೊಡನೆ ಉರಿ ತಗ್ಗಿಸಬೇಕು. ಸಿಡಿತ ಮುಗಿದು ಒಂದು ಮೌನ ಬರುತ್ತದೆ. ನನ್ನ ಕಾಫಿ ಇರುವುದು ಆ ಮೌನದಲ್ಲಿ. ಎರಡನೆಯ ಸಿಡಿತಕ್ಕೆ, ಅಂದರೆ ಅಕ್ಕಿ ಹುರಿದಂಥ ಸಣ್ಣ ಚಿಟಚಿಟಕ್ಕೆ, ಬಿಟ್ಟರೆ ಬೀಜ ಎಣ್ಣೆ ಕಾರುತ್ತದೆ, ಕಿತ್ತಳೆ ಸಿಪ್ಪೆ ಓಡಿಹೋಗುತ್ತದೆ. ತಕ್ಷಣ ಮೊರಕ್ಕೆ ಸುರಿದು ಜಗಲಿಯಲ್ಲಿ ಕೇರಬೇಕು. ಬಾಣಲೆಯಲ್ಲೇ ಬಿಟ್ಟರೆ ಅದು ಹುರಿಯುತ್ತಲೇ ಇರುತ್ತದೆ. ಎರಡು ದಿನ ಸಡಿಲ ಮುಚ್ಚಳದ ಡಬ್ಬಿಯಲ್ಲಿ ಇಟ್ಟು, ಮೂರನೆಯ ದಿನ ಪುಡಿ. ಅಂಗಡಿಯ ಗಿರಣಿಯಲ್ಲಿ ಹಿಂದಿನವರ ಚಿಕೋರಿ ಸೇರಿಕೊಳ್ಳುತ್ತದೆ, ಆದ್ದರಿಂದ ಗುಜರಿಯಲ್ಲಿ ಸಿಕ್ಕ ಎರಕದ ಕಬ್ಬಿಣದ ಕೈಗಿರಣಿಯನ್ನು ಗೋಡೆಗೆ ಹೊಡೆದಿದ್ದೇನೆ. ಚಿಕೋರಿ ಇಲ್ಲದ ಕಾಫಿ ನೀರು ಎಂಬುದು ಹೆಂಡತಿಯ ಅಭಿಪ್ರಾಯ. ಮನೆಯಲ್ಲಿ ಎರಡು ಡಬ್ಬಿಗಳಿವೆ, ಸಂಸಾರ ನಡೆಯುತ್ತಿದೆ.

ಮಳೆಗಾಲಕ್ಕೆ ಇನ್ನೊಂದು ಪಾಠವಾಯಿತು. ಹಸಿ ಬೀಜ ತಿಂಗಳುಗಟ್ಟಲೆ ಇರುತ್ತದೆ ಎಂದು ಗೋಣಿಚೀಲದಲ್ಲೇ ಬಿಟ್ಟಿದ್ದೆ. ಜುಲೈ ಹೊತ್ತಿಗೆ ಬೀಜ ಊದಿಕೊಂಡು ಬಿಳಿಚಿ, ಹಳೆಯ ಕಂಬಳಿಯ ವಾಸನೆ ಹೊಡೆಯುತ್ತಿತ್ತು. ಮಂಗಳೂರಿನ ಕಡೆ ಬೀಜವನ್ನು ಬೇಕೆಂದೇ ಮುಂಗಾರಿನ ಗಾಳಿಗೆ ಒಡ್ಡಿ ಮಾನ್ಸೂನ್ಡ್ ಮಲಬಾರ್ ಎಂದು ಹೊರದೇಶಕ್ಕೆ ಕಳಿಸುತ್ತಾರೆ. ನನ್ನದು ಮಾನ್ಸೂನ್ಡ್ ಮಡಿಕೇರಿ, ಗಿರಾಕಿ ಸಿಗಲಿಲ್ಲ. ಈಗ ಏಪ್ರಿಲಿನಲ್ಲೇ ಬಿಸಿಲಿಗೆ ಹಾಕಿ, ತಣಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗಳಿಗೆ ತುಂಬಿಡುತ್ತೇನೆ.

2024ರಲ್ಲಿ ಕಾಫಿ ಬೆಲೆ ಏರಿದ್ದು ಎಲ್ಲರಿಗೂ ನೆನಪಿದೆ. ರೋಬಸ್ಟಾ ಜಾತಿಯ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, 50 ಕಿಲೋ ಚೀಲಕ್ಕೆ 10,000 ರೂಪಾಯಿ ದಾಟಿದಾಗ ಬೆಳೆಗಾರರ ಮುಖ ಅರಳಿತ್ತು. ಅರೇಬಿಕಾವೂ ಏರಿತು. ನನ್ನ 210ರ ಬೀಜ ಈಗ ಐನೂರರ ಆಸುಪಾಸು. ತಿಂಗಳಿಗೆ ಒಂದೂವರೆ ಕಿಲೋ, 750 ರೂಪಾಯಿ. ಪೊಟ್ಟಣದ ಬೆಲೆಯೂ ಅಷ್ಟೇ ಜಿಗಿದಿರುವುದರಿಂದ ನಾನು ಈಗಲೂ ಗೆದ್ದವನೇ, ಆದರೆ ಮೊದಲಿನ ಠೀವಿ ಇಲ್ಲ. ರೋಬಸ್ಟಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ್ದು, ನಾಲ್ಕನೇ ಒಂದು ಪಾಲು ಬೆರೆಸಲು ಶುರುಮಾಡಿದ್ದೇನೆ. ಡಿಕಾಕ್ಷನ್ ಗಟ್ಟಿ ಬರುತ್ತದೆ, ಹೆಂಡತಿಯ ಚಿಕೋರಿಯೂ ಸ್ವಲ್ಪ ಇಳಿದಿದೆ.

ಯಂತ್ರ ಮಾರಿದ ತಿಂಗಳೇ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಇಟ್ಟೆವು. ಅದರ ಹೆಸರು ದೊರೆ ಡಬ್ಬಿ. ಸಂಬಳ ಬಂದ ದಿನ ಬಾಡಿಗೆ, ದಿನಸಿ, ಔಷಧಿ, ಶಾಲೆಯದ್ದು ಬೇರೆ ತೆಗೆದಿಟ್ಟ ಮೇಲೆ 1,500 ರೂಪಾಯಿ ನೋಟುಗಳಾಗಿಯೇ ಅದಕ್ಕೆ ಹೋಗುತ್ತದೆ. ನಮ್ಮ ಶೋಕಿಗಳೆಲ್ಲ ಅದರಿಂದಲೇ ನಡೆಯಬೇಕು. ಡಬ್ಬಿ ಖಾಲಿಯಾದರೆ ಕಾಯಬೇಕು. ಮೊಬೈಲಿನಿಂದ ಹಣ ಕಳಿಸುವುದು ಡಬ್ಬಿಗೆ ನಿಷಿದ್ಧ, ನೋಟು ಎಣಿಸಿ ಕೊಡುವಾಗ ಆಗುವ ಸಂಕಟ ಮೊಬೈಲಿನಲ್ಲಿ ಆಗುವುದಿಲ್ಲ. ಕಾರು ಇಲ್ಲ, 2011ರ ಸ್ಕೂಟರಿದೆ. ಹೋಟೆಲ್ ಅಪರೂಪ. ಟಿವಿಗೆ ದುಡ್ಡು ಕೊಡುವುದನ್ನು ನಿಲ್ಲಿಸಿ ಐದು ವರ್ಷವಾಯಿತು. ಒಳ್ಳೆಯ ವಿಸ್ಕಿಯ ವಿಷಯ ಕೇಳಿದರೆ, ಕೊಡಗಿನಲ್ಲಿ ಮದುವೆಗಳು ನಡೆಯುತ್ತವೆ, ನನಗೆ ಆಮಂತ್ರಣಗಳು ಬರುತ್ತವೆ.

ಕುರ್ಚಿಗೆ ಡಬ್ಬಿ ಎರಡು ತಿಂಗಳು ತುಂಬಬೇಕಾಯಿತು. ಬೀಟೆಯ ಪ್ಲಾಂಟರ್ ಕುರ್ಚಿ ಹೊಳಪು ಹಾಕಿಸಿಕೊಂಡು ಅಂಗಡಿಯಲ್ಲಿ ನಿಂತಿದ್ದರೆ ಅದರ ಬೆಲೆ ನನ್ನ ಒಂದು ತಿಂಗಳ ಸಂಬಳ ಮೀರುತ್ತದೆ. ನಾನು ಕಂಡದ್ದು ಹಳೆಯ ಸಾಮಾನಿನವರ ಹಿತ್ತಲಿನಲ್ಲಿ, ಹಸಿರು ಆಯಿಲ್ ಪೇಂಟ್ ಬಳಿದು, ಬೆತ್ತ ಹರಿದು, ಮೇಲೆ ಕೋಳಿ ಕುಳಿತಿದ್ದ ಸ್ಥಿತಿಯಲ್ಲಿ. ಸಾಗುವಾನಿ ಇರಬೇಕು ಎಂದು ಅವರೂ ಅಂದುಕೊಂಡಿದ್ದರು. ಎತ್ತಿ ನೋಡಿದೆ. ಸಾಗುವಾನಿಗೆ ಅಷ್ಟು ಭಾರವಿರುವುದಿಲ್ಲ. ಕಾಲಿನ ಅಡಿಯಲ್ಲಿ, ಪೇಂಟ್ ತಾಗದ ಕಡೆ, ಬೀಗದ ಕೈಯಿಂದ ಗೀರಿದೆ. ನೇರಳೆ ಮಿಶ್ರಿತ ಕಪ್ಪು ಕಂಡಿತು. ಮುಖದಲ್ಲಿ ಏನೂ ತೋರಿಸದೆ 2,800ಕ್ಕೆ ಒಪ್ಪಿಸಿದೆ. ಈ ಒಂದು ವಿಷಯದಲ್ಲಿ ನಾನು ಸಜ್ಜನನಲ್ಲ.

ಪೇಂಟ್ ಕೆರೆಯಲು ಎರಡು ಭಾನುವಾರ. ಬೆತ್ತ ಹೆಣೆಯಲು ಮೂರು. ಬೆತ್ತವನ್ನು ನೀರಿನಲ್ಲಿ ನೆನೆಸಿ, ಮೆತ್ತಗಿರುವಾಗಲೇ ಹೆಣೆಯಬೇಕು. ಒಣಗುವಾಗ ಅದು ತಾನೇ ಬಿಗಿಯುತ್ತದೆ. ನಾನು ಒಣಗುವ ಮೊದಲೇ ತಂಬೂರಿಯ ತಂತಿಯಂತೆ ಎಳೆದು ಕಟ್ಟಿದೆ. ರಾತ್ರಿ ಠಣ್ ಠಣ್ ಎಂದು ನಾಲ್ಕು ಎಳೆ ಹರಿದವು, ಅಮ್ಮ ಕಳ್ಳ ಬಂದನೆಂದು ಎದ್ದು ಕುಳಿತರು. ಬಿಚ್ಚಿ ಮತ್ತೆ ಹೆಣೆದೆ. ಆಮೇಲೆ ಅರಗಿನ ಪಾಲಿಷ್. ಅದನ್ನು ಜುಲೈನಲ್ಲಿ ಹಾಕಿದ್ದು ನನ್ನ ಬುದ್ಧಿಗೇಡಿತನ. ತೇವದ ಗಾಳಿಯಲ್ಲಿ ಸ್ಪಿರಿಟ್ ಆರುವಾಗ ನೀರು ಹಿಡಿದುಕೊಂಡು ಕುರ್ಚಿಯ ಮೇಲೆಲ್ಲ ಮಜ್ಜಿಗೆ ಚೆಲ್ಲಿದಂತೆ ಬಿಳಿ ಮಸುಕು ಬಂತು. ಬಡಗಿಯೊಬ್ಬರು ನೋಡಿ ನಕ್ಕು, ಕೊಡಗಿನಲ್ಲಿ ಪಾಲಿಷ್ ಕೆಲಸ ಜನವರಿಯದ್ದು ಮಾರಾಯರೇ ಎಂದರು. ಜನವರಿಯವರೆಗೆ ಅದು ಮಜ್ಜಿಗೆ ಬಣ್ಣದಲ್ಲೇ ನಿಂತಿತ್ತು. ಈಗ ಜಗಲಿಯಲ್ಲಿದೆ. ಒಟ್ಟು ಖರ್ಚು 4,600.

ಇದು ಎಲ್ಲಕ್ಕೂ ನಡೆಯುವುದಿಲ್ಲ. 6,500 ರೂಪಾಯಿಯ ಚರ್ಮದ ಬೂಟು ತಂದಿದ್ದೆ, ಒಂದು ಮಳೆಗಾಲದಲ್ಲಿ ಬೂಷ್ಟು ತಿಂದು ಹಾಕಿತು. ಆ ಆಸೆಗೆ ಅಲ್ಲೇ ತೆರೆ. ಹೆಂಡತಿಯ ಆಸೆ ಮೈಸೂರು ರೇಷ್ಮೆ. 1912ರಿಂದ ಮೈಸೂರಿನ ಕಾರ್ಖಾನೆಯಲ್ಲಿ ನೇಯುತ್ತಿರುವ ಆ ಸೀರೆಗೆ ನಾವು ಹಾಕಬಹುದಾದ ಕೊನೆಯ ಹೆಜ್ಜೆ ಯಾವುದೂ ಇಲ್ಲ. ಅವಳು ಅದಕ್ಕೆ ಬೇರೆಯೇ ದಾರಿ ಹಿಡಿದಿದ್ದಾಳೆ. ತನ್ನ ಸಂಬಳದಿಂದ ತಿಂಗಳಿಗೆ 500 ಎತ್ತಿಡುತ್ತಾಳೆ, ನಾಲ್ಕು ವರ್ಷಕ್ಕೊಂದು ಸೀರೆ. ಅದು ದೊರೆ ಡಬ್ಬಿಗೆ ಸೇರಿಲ್ಲ, ಅದರ ಬಗ್ಗೆ ನಾನು ಬಾಯಿ ಹಾಕುವಂತೆಯೂ ಇಲ್ಲ. ಮಳೆಗಾಲ ಮುಗಿದು ಮೊದಲ ಬಿಸಿಲು ಬಂದ ದಿನ ಅವನ್ನು ತೆಗೆದು, ಜಗಲಿಯ ನೆರಳಿನಲ್ಲಿ ಗಾಳಿಗೆ ಹರಡಿ, ಮಡಿಕೆ ಬದಲಿಸಿ ಮತ್ತೆ ಹತ್ತಿಬಟ್ಟೆಯಲ್ಲಿ ಸುತ್ತಿಡುತ್ತಾಳೆ. ಆ ದಿನ ನನ್ನ ಕುರ್ಚಿ ಸೀರೆಗಳ ಕೆಳಗೆ.

ಕೆಲವಕ್ಕೆ ದುಡ್ಡಿನ ಬದಲು ಲೆಕ್ಕವನ್ನೇ ಕೊಡುತ್ತೇನೆ. ಗಾಳಿಬೀಡು ಕಡೆಯ ಒಬ್ಬ ಸಣ್ಣ ಬೆಳೆಗಾರರಿಗೆ ವರ್ಷದ ಲೆಕ್ಕಪತ್ರ ಬರೆದುಕೊಡುತ್ತೇನೆ. ಅವರು ಎರಡು ಕಿಲೋ ಕಾಳುಮೆಣಸು, ಜೇನು ಮತ್ತು ಮಳೆಗಾಲದಲ್ಲಿ ಪಣಪುಳಿ ಹಣ್ಣು ಕೊಡುತ್ತಾರೆ. ಹಣ್ಣಾಗಿ ಬಿದ್ದದ್ದನ್ನು ಬುಟ್ಟಿಯಲ್ಲಿ ತುಂಬಿ, ಕೆಳಗೆ ಪಾತ್ರೆ ಇಟ್ಟರೆ ದಿನಗಟ್ಟಲೆ ರಸ ತೊಟ್ಟಿಕ್ಕುತ್ತದೆ. ಅದನ್ನು ಸೋಸಿ ಸಣ್ಣ ಉರಿಯಲ್ಲಿ ಕುದಿಸಿ ಕುದಿಸಿ ಕಪ್ಪಗೆ ಇಂಗಿಸಿದರೆ ಕಾಚಂಪುಳಿ, ಕೊಡಗಿನ ಅಡುಗೆಯ ಹುಳಿ. ಪ್ರವಾಸಿಗರು ಚಿಕ್ಕ ಬಾಟಲಿಗೆ ಕೊಡುವ ಬೆಲೆ ನೋಡಿದರೆ ನನಗೆ ತಲೆ ತಿರುಗುತ್ತದೆ. ಹತ್ತು ಲೀಟರ್ ರಸ ಕುದಿದು ಒಂದು ಲೀಟರಿಗಿಂತ ಕಡಿಮೆಗೆ ಇಳಿದದ್ದನ್ನು ಕಣ್ಣಾರೆ ನೋಡಿದ ಮೇಲೆ ಆ ಬೆಲೆ ಹೆಚ್ಚೆನ್ನಲೂ ಬಾಯಿ ಬರುವುದಿಲ್ಲ. ಪಂದಿಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ ಮಾತ್ರವಲ್ಲ, ಮೀನಿನ ಸಾರಿಗೆ ಅರ್ಧ ಚಮಚ ಹಾಕಿ ನೋಡಬೇಕು.

ಇಷ್ಟೆಲ್ಲ ಬರೆದದ್ದನ್ನು ಹೆಂಡತಿಗೆ ಓದಿಸಿದೆ. ಒಂದು ಕಾಲಂ ಬಿಟ್ಟುಹೋಗಿದೆ ಎಂದಳು. ಕುರ್ಚಿಗೆ 4,600 ಎಂದು ಬರೆದಿರಲ್ಲ, ಐದು ಭಾನುವಾರ ಎಲ್ಲಿ? ಆ ಐದೂ ಭಾನುವಾರ ಸಂತೆ, ಅಡುಗೆ, ಅಮ್ಮನ ಸ್ನಾನ ಯಾರು ನೋಡಿದರು? ಬೀಜ ಆರಿಸಿದ್ದು ಯಾರು? ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮೊದಲ ಎರಡು ವರ್ಷ ಮೊರದ ಮುಂದೆ ಕುಳಿತು ಕರಿ ಬೀಜ ಹೆಕ್ಕುತ್ತಿದ್ದವಳು ಅವಳೇ, ಹುರಿದು ಹೊಗಳಿಸಿಕೊಂಡವನು ನಾನು. ಈಗ ಆರಿಸುವುದು ನನ್ನ ಕೆಲಸ, ರಾತ್ರಿ ಊಟದ ಮೇಲೆ ರೇಡಿಯೋ ಹಾಕಿಕೊಂಡು, ಅರ್ಧ ಗಂಟೆ. ಭಾನುವಾರ ಮಧ್ಯಾಹ್ನದ ನಂತರ ಯಾವ ಶೋಕಿಯ ಕೆಲಸವೂ ಇಲ್ಲ ಎಂಬ ಕಾನೂನು ಬಂದಿದೆ. ಕಾನೂನು ಮಾಡಿದವರು ಯಾರೆಂದು ಹೇಳಬೇಕಿಲ್ಲ.

ಈ ವರ್ಷ ದೊರೆ ಡಬ್ಬಿಗೆ ಹೊಸ ಪಾಲುದಾರಳು ಬಂದಿದ್ದಾಳೆ. ಮಗಳು ಹಾಕಿ ಆಡುತ್ತಾಳೆ. ಕೊಡಗಿನಲ್ಲಿ ಇದು ತಪ್ಪಿದ್ದಲ್ಲ. ಅವಳಿಗೆ ಕಾರ್ಬನ್ ಹೆಚ್ಚಿರುವ ಕಾಂಪೊಸಿಟ್ ಸ್ಟಿಕ್ ಬೇಕು, 12,000 ರೂಪಾಯಿ. ಮರದ್ದು ಸಾಲದೇ ಎಂದೆ. ನನ್ನ ಮುಖವನ್ನು, ಆಮೇಲೆ ಜಗಲಿಯ ಕುರ್ಚಿಯನ್ನು ನೋಡಿದಳು. ಮಾತು ಅಲ್ಲಿಗೆ ನಿಂತಿತು. ಕೂಡಿಗೆಯ ಕ್ರೀಡಾ ಶಾಲೆಯಲ್ಲಿ ಓದಿದ ಒಬ್ಬ ಹಿರಿಯ ಹುಡುಗಿ ತನ್ನ ಸ್ಟಿಕ್ ಕೊಡುತ್ತಾಳೆಂದು ಗೊತ್ತಾಯಿತು, 3,500ಕ್ಕೆ. ಹಿಡಿಕೆಯ ಟೇಪು ಹರಿದು ಅಂಟು ಸೋರುತ್ತಿತ್ತು, ಕೊಕ್ಕೆಯ ಬಳಿ ಗೀರುಗಳು. ಕಾಂಪೊಸಿಟ್ ಒಳಗೆ ಬಿರುಕು ಬಿಟ್ಟರೆ ರಿಪೇರಿ ಇಲ್ಲ. ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತಾ ಬಂದೆ. ಎಲ್ಲ ಕಡೆ ಒಂದೇ ಸದ್ದು, ಎಲ್ಲೂ ಬೊಳ್ಳೆನ್ನಲಿಲ್ಲ. ಎಣಿಸಿ ಕೊಟ್ಟೆವು.

ಹೊಸ ಗ್ರಿಪ್ ಟೇಪು 150 ರೂಪಾಯಿ. ಹಳೆಯ ಅಂಟನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ತೆಗೆದು, ಒಂದು ಸುತ್ತಿನ ಅಂಚು ಇನ್ನೊಂದರ ಮೇಲೆ ಸರಿಯಾಗಿ ಕೂರುವಂತೆ ಮೇಲಿನಿಂದ ಕೆಳಕ್ಕೆ ಸುತ್ತಿದೆ. ಕುರ್ಚಿಯ ಬೆತ್ತ ಕಲಿಸಿದ ಕೈ, ಚೆನ್ನಾಗಿಯೇ ಬಂದಿತ್ತು. ಮಗಳು ಎರಡು ಕೈಯಲ್ಲಿ ಹಿಡಿದು ಜಗಲಿಯಲ್ಲಿ ನಾಲ್ಕು ಸಲ ಬೀಸಿದಳು. ದಪ್ಪವಾಯಿತು ಅಪ್ಪ ಎಂದವಳೇ ಕುರ್ಚಿಯಲ್ಲಿ ಕುಳಿತು, ನಾನು ಸುತ್ತಿದ್ದನ್ನೆಲ್ಲ ಬಿಚ್ಚಿ, ಕೆಳಗಿನಿಂದ ಮೇಲಕ್ಕೆ ತೆಳ್ಳಗೆ ಎಳೆದು ತನಗೆ ಬೇಕಾದ ಹಾಗೆ ಸುತ್ತಿಕೊಂಡಳು.